ಎದುರಿನವರ ಪುಟ

ಓದುವುದನ್ನು ಹಿಂದಿನಿಂದ ಆರಂಭಿಸುವ ಜನ ನಮ್ಮಲ್ಲಿ ಕಡಿಮೆಯೇನಿಲ್ಲ. ಸೇಡಂನಿಂದ ಕಲಬುರಗಿಗೆ ಹೋಗುವ ಬೆಳಗಿನ ಗಾಡಿಯಲ್ಲಿ ಕುಳಿತರೆ ಈ ಸಂಪ್ರದಾಯದ ಸಕಲ ಶಾಖೆಗಳ ದರ್ಶನವೂ ಆಗುತ್ತದೆ. ಪತ್ರಿಕೆಯನ್ನು ಕ್ರಿಕೆಟ್ಟಿನ ಪುಟದಿಂದ ಹಿಡಿಯುವವರು, ಲಗ್ನಪತ್ರಿಕೆಯಲ್ಲಿ ವಧೂವರರನ್ನು ಹಾರಿಸಿ ನೇರವಾಗಿ ಊಟದ ವೇಳೆಗೆ ಇಳಿಯುವವರು, ಮತ್ತು ತೀರ್ಪಿನ ಪ್ರತಿಯನ್ನು ಕೊನೆಯ ಹಾಳೆಯಿಂದ ಓದುವ ಕಾನೂನು ವಿದ್ಯಾರ್ಥಿಗಳು. ಈ ಮೂರನೆಯ ಪಂಗಡಕ್ಕೆ ನಾನು ಮಾಸ್ತರ. ಸೇಡಂ ಕೋರ್ಟಿನಲ್ಲಿ ವಕೀಲಿಯ ಹೆಸರಿನಲ್ಲಿ ಕಾಯುವುದು, ವಾರದಲ್ಲಿ ಕೆಲವು ದಿನ ಕಲಬುರಗಿಯ ಒಂದು ಕಾಲೇಜಿನಲ್ಲಿ ತೀರ್ಪುಗಳನ್ನು ಓದುವ ಬಗೆ ಕಲಿಸುವುದು, ಇವೆರಡರ ನಡುವೆ ರೈಲಿನಲ್ಲಿ ತೂಕಡಿಸುವುದು ನನ್ನ ಜೀವನಕ್ರಮ.

ಹಿಂದಿನಿಂದ ಓದುವವರನ್ನು ಬೈಯುವ ನೈತಿಕ ಅಧಿಕಾರ ನನಗಿಲ್ಲ. ಆತಂಕವೆಂಬುದು ನನಗೆ ತಾಯಿಯ ಕಡೆಯಿಂದ ಬಂದ ಸ್ಥಿರಾಸ್ತಿ. ಸ್ಟೇಷನ್ ತಲುಪಿದ ಮೇಲೆ, ಮನೆಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಮನೆಯಲ್ಲೇ ಇರುವ ಹೆಂಡತಿಗೆ ಫೋನು ಮಾಡಿ ಕೇಳಿದವನು ನಾನು. ಕಾದಂಬರಿಯ ಕೊನೆಯ ಪುಟ ತೆರೆದು, ನಾಯಕಿ ಬದುಕಿದ್ದಾಳೆಂದು ಖಾತ್ರಿ ಮಾಡಿಕೊಳ್ಳದೆ ಮೊದಲ ಪುಟಕ್ಕೆ ಕೈಹಚ್ಚಲಾರೆ. ಅಂತ್ಯ ಗೊತ್ತಾದರೆ ಎದೆಬಡಿತ ಹತೋಟಿಗೆ ಬರುತ್ತದೆಂಬ ಭ್ರಮೆ ನನಗೂ ಉಂಟು, ನನ್ನ ವಿದ್ಯಾರ್ಥಿಗಳಿಗೂ ಉಂಟು.

ಆದರೆ ತೀರ್ಪು ಕಾದಂಬರಿಯಲ್ಲವಲ್ಲ. ನ್ಯಾಯಾಧೀಶರಾದವರು ವಾದಿಯ ಮಾತನ್ನು ಎಷ್ಟು ಮನಃಪೂರ್ವಕವಾಗಿ ಬರೆಯುತ್ತಾರೆಂದರೆ, ಓದುತ್ತ ಓದುತ್ತ ನಾವು ತಲೆದೂಗಿ ಬಿಡುತ್ತೇವೆ. ಪುಟ ತಿರುಗಿಸಿದರೆ ಪ್ರತಿವಾದಿಯ ಮಾತು ಅಷ್ಟೇ ಮನಃಪೂರ್ವಕವಾಗಿ ಕಾದಿರುತ್ತದೆ. ಕೊನೆಯ ಹಾಳೆ ನೋಡಿ ನಡುವೆ ಎಲ್ಲೋ ಕಣ್ಣಾಡಿಸುವ ಅವಸರದ ವಿದ್ಯಾರ್ಥಿ, ತನಗೆ ಹಿಡಿಸಿದ ಪುಟವನ್ನೇ ನ್ಯಾಯಾಲಯದ ಮಾತೆಂದು ತಿಳಿದು, ಸೋತವನ ವಾದವನ್ನು ಕಾನೂನೆಂದು ಪರೀಕ್ಷೆಯಲ್ಲಿ ಬರೆದು ಬರುತ್ತಾನೆ. ಇದಕ್ಕೆ ಮದ್ದೆಂದು ನಾನೊಂದು ಉಪಮೆ ಇಟ್ಟುಕೊಂಡಿದ್ದೇನೆ. ನೆಲಕ್ಕೆ ಹಾಸುವ ಶಹಾಬಾದಿನ ಪರಸಿ ಕಲ್ಲಿನ ಪಾಲಿಶ್ ಆದ ಮುಖವನ್ನಷ್ಟೇ ನಾವು ತುಳಿಯುತ್ತೇವೆ, ಆದರೆ ಗಾರೆಯನ್ನು ಕಚ್ಚಿಕೊಂಡು ಅದನ್ನು ಹಿಡಿದಿರುವುದು ಕೆಳಗಿನ ಒರಟು ಮುಖ. ಹಾಗೆಯೇ ನಿರ್ಣಯವನ್ನು ಹಿಡಿದಿರುವುದು ಎರಡೂ ಕಡೆಯ ವಾದ ಎಂದು. ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ವಾಡಿ ದಾಟಿ ಗಾಡಿ ಶಹಾಬಾದಿನತ್ತ ಹೊರಟಕೂಡಲೇ ಜೊತೆಗಿರುವ ವಿದ್ಯಾರ್ಥಿಗಳು ಕಿಟಕಿಯಾಚೆ ಮುಖ ತಿರುಗಿಸುತ್ತಾರೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮಳಖೇಡದಲ್ಲಿ ಗಾಡಿ ಹತ್ತಿದ ಮಹಾದೇವಿ ಮಾತ್ರ ಮುಖ ತಿರುಗಿಸಲಿಲ್ಲ. ನನ್ನ ಎದುರು ಕುಳಿತು ಚೀಲದಿಂದ ಒಂದು ತೀರ್ಪನ್ನು ತೆಗೆದಳು. ಎರಡನೆಯ ವರ್ಷದ ವಿದ್ಯಾರ್ಥಿನಿ, ಚುರುಕು ಹುಡುಗಿ. ತೀರ್ಪು ಪಠ್ಯದ್ದಲ್ಲ, ಅವರ ಮನೆಯದು. ಅವಳ ತಂದೆ ಶರಣಪ್ಪನವರ ಹೊಲ ರಸ್ತೆಯ ಬದಿಗೆ, ಕಾಕಾ ಬಸವರಾಜನ ಹೊಲ ಹಿಂದೆ, ಕಾಗಿಣಾ ಹೊಳೆಯ ಬದಿಗೆ. ಅಣ್ಣನ ಬದುವಿನ ಮೇಲೆ ತನಗೆ ಮೊದಲಿನಿಂದಲೂ ದಾರಿ ಇದೆಯೆಂದು ತಮ್ಮ ದಾವೆ ಹೂಡಿದ್ದ. ಅಲ್ಲಿ ಎಂದೂ ದಾರಿಯೇ ಇರಲಿಲ್ಲವೆಂದು ಅಣ್ಣ ಉತ್ತರ ಕೊಟ್ಟಿದ್ದ. ಕೋರ್ಟು ತಮ್ಮನ ಪರವಾಗಿ ಹೇಳಿತ್ತು. ಮೇಲ್ಮನವಿಯ ಗಡುವು ಹತ್ತಿರ ಬಂದಿತ್ತು, ಮತ್ತು ಶರಣಪ್ಪ ಊರಿನ ಯಾರ ಮಾತನ್ನೂ ನಂಬದೆ, ಮಗಳು ಹೇಳಿದಂತೆ ಮಾಡುವುದೆಂದು ಕುಳಿತಿದ್ದರು.

"ಜಡ್ಜ್ ಸಾಹೇಬರು ನಮ್ಮಪ್ಪನ ಮಾತು ಕೇಳೇ ಇಲ್ರಿ ಸರ್. ಅಪೀಲು ಹಾಕೂದೇ ಬರೊಬ್ಬರಿ ಅಲ್ಲೇನ್ರಿ?" ಎಂದಳು.

ಕಾಕಾ ಹೇಳಿದ್ದೇನು ಎಂದು ನಾನು ಕೇಳಿದೆ. "ಅವನದು ಬರೀ ಸುಳ್ಳೇ ಇರ್ತದಂತ ಆ ಹಾಳಿ ಬಿಟ್ಟು ಓದೀನ್ರಿ."

ನನ್ನೊಳಗಿನ ಮಾಸ್ತರ ತಕ್ಷಣ ಎದ್ದು ಕುಳಿತ. ಯಾವ ಪುಟ ಓದಲು ಮನಸ್ಸು ಒಲ್ಲದೋ ಅದನ್ನೇ ಮೊದಲು ಓದಬೇಕು, ಅದೂ ನಿನ್ನ ತಂದೆಯೇ ಹೇಳುತ್ತಿದ್ದಾರೆಂದು ಭಾವಿಸಿ ಓದಬೇಕು, ಎಂದು ಉಪದೇಶಿಸಿದೆ. ಹುಡುಗಿ ವಿಧೇಯಳು, ಓದತೊಡಗಿದಳು. ಚಿತ್ತಾಪುರ ಬರುವ ಹೊತ್ತಿಗೆ ಅವಳ ಬೆರಳು ಒಂದು ಸಾಲಿನ ಮೇಲೆ ನಿಂತುಹೋಯಿತು. ಎಳ್ಳ ಅಮಾವಾಸ್ಯೆಯಂದು ನಮ್ಮ ಕಡೆ ಮನೆಮಂದಿಯೆಲ್ಲ ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಹೊತ್ತುಕೊಂಡು ಹೊಲಕ್ಕೆ ಹೋಗಿ, ಬೆಳೆಯ ಸುತ್ತ ಎಡೆಯ ಅನ್ನವನ್ನು ಚರಗವೆಂದು ಚೆಲ್ಲುತ್ತಾರಷ್ಟೆ. ಪ್ರತಿ ವರ್ಷ ಚರಗದ ಬುಟ್ಟಿ ಇದೇ ಬದುವಿನ ಮೇಲೆ ಹೊಳೆಯ ಕಡೆಯ ಹೊಲಕ್ಕೆ ಹೋಗುತ್ತಿತ್ತೆಂದು ಕಾಕಾ ಸಾಕ್ಷಿ ನುಡಿದಿದ್ದ.

"ಇದು ಖರೇ ಅದರಿ ಸರ್" ಎಂದಳು, ಪಕ್ಕದವರಿಗೆ ಕೇಳಬಾರದೆಂಬಂತೆ. "ಆ ದಾರೀಲೆ ನಾನೇ ಹೋಗೀನ್ರಿ. ಕಾಕಾನ ಹೆಗಲ ಮ್ಯಾಲ ಕುಂತು."

ಆಗ ಶುರುವಾಯಿತು ನೋಡಿ ನನ್ನ ಸಂಕಟ. ಎರಡೂ ಕಡೆ ಓದಿರೆಂದು ಹೇಳುವುದು ಸುಲಭ. ಓದಿದವರು ಆಮೇಲೆ ಮನೆಗೆ ಹೋಗಬೇಕಾಗುತ್ತದೆಂಬುದು ನನ್ನ ಪಾಠದಲ್ಲಿ ಎಲ್ಲೂ ಇರಲಿಲ್ಲ. ಈ ಹುಡುಗಿ ಅಪ್ಪನ ಎದುರು ನಿಂತು, ನೀನು ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದರೆ? ಓದಿಸಿದ್ದು ಹೆಚ್ಚಾಯಿತೆಂದು ಅವರು ಕಾಲೇಜು ಬಿಡಿಸಿದರೆ? ಹೇಳದೆ ನುಂಗಿಕೊಂಡರೆ ಅಪೀಲು ಹೋಗುತ್ತದೆ, ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳವರು ಮುದುಕರಾಗುವ ತನಕ ಕಟಕಟೆಯಲ್ಲಿ ನಿಲ್ಲುತ್ತಾರೆ. ಅಂದು ತರಗತಿಯಲ್ಲಿ ನಾನು ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ. ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. "ನಿಮಗ್ಯಾಕ ಬೇಕಿತ್ತ್ರಿ ಆ ಉಸಾಬರಿ? ತೂಕಡಿಸ್ಕೋತ ಹೋಗ್ಬಾರ್ದಿತ್ತಾ" ಎಂದು ಆಕೆ ತನ್ನ ಭಿನ್ನಮತ ದಾಖಲಿಸಿದಳು.

ಮುಂದಿನ ವಾರ ಮಹಾದೇವಿ ಮತ್ತೆ ಎದುರು ಕುಳಿತಳು. ಅವಳ ಮುಖ ನೋಡುವ ಧೈರ್ಯ ಸಾಲದೆ ನಾನು ಪತ್ರಿಕೆಯ ಮರೆ ಹೊಕ್ಕೆ. ಅವಳೇ ಹೇಳಿದಳು. ತಂದೆಯನ್ನು ಆಕೆ ಸುಳ್ಳುಗಾರ ಎನ್ನಲಿಲ್ಲವಂತೆ; ಕಾಕಾನ ಹೇಳಿಕೆಯನ್ನು ಮಾತ್ರ ಪೂರ್ತಿ ಓದಿ ಹೇಳಿದಳಂತೆ. ಅದಕ್ಕೆ ಶರಣಪ್ಪ ಹೇಳಿದ್ದಿಷ್ಟು. "ಬುಟ್ಟಿ ಹೊತ್ಕೊಂಡು ಹೋಗಲಿಕ್ಕ ಯಾರು ಬ್ಯಾಡ ಅಂದಾರ? ತೊಗರಿ ನಿಂತಾಗ ಟ್ರ್ಯಾಕ್ಟರ್ ಹಾಯಿಸಿದ. ಒಂದ್ ಮಾತು ಕೇಳಲಿಲ್ಲ. ಕೇಳಿದ್ರ ನಾನೇ ಬದು ಕಡಿದು ಕೊಡ್ತಿದ್ದೆ."

"ಈ ಮಾತು ತೀರ್ಪಿನಾಗ ಎಲ್ಲೂ ಇಲ್ರಿ ಸರ್. ನಾನು ಕಾಕಾನ ಹಾಳಿ ಅಷ್ಟೇ ಓದಿರಲಿಲ್ಲ ಅಂತ ತಿಳ್ದಿದ್ದೆ. ನಮ್ಮಪ್ಪಂದೂ ಓದಿದ್ದಿಲ್ಲ" ಎಂದಳು.

ಇಷ್ಟು ವರ್ಷ ಎರಡು ಕಡೆಗಳ ಬಗ್ಗೆ ಭಾಷಣ ಮಾಡಿದ ನಾನು, ಆ ವಾರವೆಲ್ಲ ಶರಣಪ್ಪನವರನ್ನು ಮನಸ್ಸಿನಲ್ಲೇ ಸುಳ್ಳುಗಾರರ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಹೊಸ ಚಿಂತೆಯೂ ಬಂತು. ನಡೆಯುವ ದಾರಿ ಬೇರೆ, ಟ್ರ್ಯಾಕ್ಟರಿನ ದಾರಿ ಬೇರೆ ಎಂಬುದು ಕಾನೂನಿನಲ್ಲಿ ಒಳ್ಳೆಯ ವಾದವೇ ಹೌದು. ಅಪೀಲಿನಲ್ಲಿ ಸ್ವಲ್ಪ ಜೀವ ಇರಲೂಬಹುದು. ಹಾಗೆಂದು ಹೇಳಿದೆ. ಹೇಳದಿರುವುದು ವಕೀಲನ ಧರ್ಮವಾಗುತ್ತಿರಲಿಲ್ಲ.

ಗಡುವಿನ ಕೊನೆಯ ದಿನ ತಂದೆ ಮಗಳಿಬ್ಬರೂ ಸೇಡಂ ಕೋರ್ಟಿಗೆ ಬಂದರು. ಮಗಳ ಮೂಲಕ ಅವರು ಹೇಳಿಕಳಿಸಿದಂತೆ ನಾನು ಬರೆದಿಟ್ಟ ಮೇಲ್ಮನವಿ ಸಿದ್ಧವಿತ್ತು, ಶರಣಪ್ಪನವರ ಸಹಿಯ ಜಾಗವೊಂದೇ ಖಾಲಿ. ನಾನು ಪೆನ್ನು ಕೊಟ್ಟೆ. ಅವರು ಅದನ್ನು ನೋಡಿ, ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡು, "ಚಾ ಕುಡಿಯೂಣ ಬರ್ರಿ ವಕೀಲ್ ಸಾಬ್ರ" ಎಂದರು.

ಚಹಾ ಕುಡಿದೆವು. ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕುಳಿತೆವು. ಅವರು ಮಳೆಯ ಮಾತಾಡಿದರು, ತೊಗರಿಯ ಮಾತಾಡಿದರು, ನನ್ನ ಮಕ್ಕಳೆಷ್ಟು ಎಂದು ಕೇಳಿದರು. ಎದುರಿಗೇ ಕಾಗದ ತೆಗೆದುಕೊಳ್ಳುವ ಕಿಟಕಿ ತೆರೆದಿತ್ತು. ಸಹಿ ಮಾಡಿರಿ ಎನ್ನಲೋ, ಬೇಡವೆನ್ನಲೋ ತಿಳಿಯದೆ ನಾನು ಒಮ್ಮೆ ಗಡಿಯಾರ, ಒಮ್ಮೆ ಅವರ ಕಿಸೆ ನೋಡುತ್ತ ಬೆವರಿದೆ. ಕಡೆಗೆ ಗುಮಾಸ್ತ ಕಿಟಕಿ ಎಳೆದು ಚಿಲಕ ಹಾಕಿದ. ಸದ್ದು ನಮ್ಮವರೆಗೆ ಕೇಳಿಸಿತು.

ಶರಣಪ್ಪ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟು, ಧೋತರ ಝಾಡಿಸಿಕೊಂಡು ಎದ್ದರು. ಗಡುವು ಮೀರಿದರೂ ತಡವಾದ ಕಾರಣ ತೋರಿಸಿ ಅರ್ಜಿ ಹಾಕಲು ಬರುತ್ತದೆಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೇಳಿದ್ದರೆ ಖಂಡಿತ ಹೇಳುತ್ತಿದ್ದೆ. ಅವರು ಕೇಳಲಿಲ್ಲ.

"ಕಾಕಾ ಕೇಳಿದ್ರ ಏನ್ ಹೇಳ್ಲಿ ಅಪ್ಪಾ?" ಎಂದಳು ಮಹಾದೇವಿ.

"ಕೋರ್ಟ್ ಬಂದ್ ಆಗಿತ್ತು ಅಂತ ಹೇಳು" ಎಂದು ಅವರು ಬಸ್ ಸ್ಟ್ಯಾಂಡಿನ ಕಡೆ ಹೊರಟರು.

ಆ ಮಾತನ್ನು ಹೇಗೆ ಓದಬೇಕೆಂದು ಅವಳಿಗೆ ವಿವರಿಸಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳು, ಕಾಕಾ ಕೇಳುವ ತನಕ ಕಾಯದೆ, ಫೋನು ತೆಗೆದು ತಾನೇ ಅವನ ನಂಬರು ಒತ್ತುತ್ತಿದ್ದಳು.