ಒಲೆಯ ಮುಂದಿನಿಂದ ಎದ್ದುಹೋದ ಸುಜಾತಾಗೆ

ಸುಳ್ಳು ಹೇಳಿದ್ದು ನಾನು, ಸುಜಾತಾ. ನೀನಲ್ಲ. ಇಷ್ಟು ಸಣ್ಣ ಮಾತನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾದವು — ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಬೈಲಹೊಂಗಲದ ಕಾಲೇಜಿನಲ್ಲಿ ನಾವು ಒಂದೇ ಬೆಂಚಿನವರು. ನೀನು ಮುನವಳ್ಳಿಯವಳು, ಬೌದ್ಧರಾದ ದಲಿತರ ಮನೆಯವಳು, ಹಾಸ್ಟೆಲ್ಲಿನಲ್ಲಿದ್ದೆ. ನಮ್ಮದು ಹತ್ತಿರದ ಹಳ್ಳಿ. ಹೊಲ ಇದ್ದವರು, ಜಾತಿ ಕೇಳಿಯೇ ಅಡುಗೆಮನೆಗೆ ಬಿಟ್ಟುಕೊಳ್ಳುವವರು. ಮೊದಲ ಸಲ ನಿನ್ನನ್ನು ಕರೆದೊಯ್ದಾಗ ಅವ್ವ, "ಯಾರ ಪೈಕಿ ತಂಗಿ?" ಎಂದಳು. ನೀನು ಬಾಯಿ ತೆರೆಯುವ ಮೊದಲೇ ನಾನು, "ನಮ್ಮ ಪೈಕೀನ ಅದಾಳವ್ವ" ಎಂದುಬಿಟ್ಟೆ.

ಬಸ್ಸಿಗೆ ಕಾಯುವಾಗ ನೀನು ಸಿಡಿದೆದ್ದೆ. "ನನ್ನ ಜಾತಿ ಮುಚ್ಚಿಡಾಕ ನೀ ಯಾರು? ಮುಂದಿನ ಸಲ ನಾನ ಹೇಳತೇನಿ."

"ಸ್ವಲ್ಪ ತಡಿ. ಅವ್ವ ನಿನ್ನ ಹಚ್ಚಿಕೊಳ್ಳಲಿ. ಆಮ್ಯಾಲ ನಾನ ಹೇಳತೇನಿ," ಎಂದೆ. ನೀನು ನಂಬಿದೆ.

ಅವ್ವ ಹಚ್ಚಿಕೊಂಡಳು. ನಾನು ಮಾತ್ರ ಹೇಳಲಿಲ್ಲ — ಇವತ್ತು ಬೇಡ, ಹಬ್ಬ ಕಳೆಯಲಿ, ಪರೀಕ್ಷೆ ಮುಗಿಯಲಿ... ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ರಜೆಗೆ ನಿನ್ನೂರಿಗೆ ಹೋಗುವುದನ್ನು ಬಿಟ್ಟು ಬಂದು ನಮ್ಮ ಒಲೆಯ ಮುಂದೆ ಕುಳಿತವಳು ನೀನು. ಅವ್ವನ ತಲೆ ಬಾಚಿದವಳೂ ನೀನೇ.

ಒಂದು ಮಧ್ಯಾಹ್ನ ಅಪ್ಪನ ತಮ್ಮ, ನಮ್ಮ ಕಾಕಾ, ಮುನವಳ್ಳಿಯ ಸಂತೆಯಲ್ಲಿ ನಿಮ್ಮ ಮನೆಯ ವಿಷಯ ಕೇಳಿಕೊಂಡು ಬಂದವರೇ ನಿನ್ನನ್ನು ಕಂಡು, "ಇಕಿ ಯಾರ ಮಗಳು ಅನ್ನೂದು ಗೊತ್ತೈತೇನ ನಿಮಗ?" ಎಂದು ನಿನ್ನ ಜಾತಿಯ ಹೆಸರನ್ನು ಉಗುಳಿದಂತೆ ಹೇಳಿದರು. ಮನೆಯವರೆಲ್ಲ ಬಾಗಿಲಲ್ಲಿ ನೆರೆದರು. ಅವ್ವ ನನ್ನ ಮುಖ ನೋಡಿದಳು. "ನಿನಗ ಗೊತ್ತಿತ್ತೇನ?"

"ಇಲ್ಲವ್ವ. ನನಗೂ ಆಕಿ ಸುಳ್ಳ ಹೇಳ್ಯಾಳ."

ಇದೇ ನಾನು ಆಡಿದ ಮಾತು. ನೀನು ಒಮ್ಮೆ ನನ್ನನ್ನು ನೋಡಿದೆ. ಹಿಟ್ಟಿನ ಕೈ ಒರೆಸಿಕೊಂಡು ಎದ್ದೆ, ಚಪ್ಪಲಿ ಮೆಟ್ಟಿಕೊಂಡು ಹೋದೆ. ಬೇಯಿಸಿಟ್ಟಿದ್ದ ರೊಟ್ಟಿಗಳನ್ನು ಕಾಕಾ ದನಗಳ ಮುಂದೆ ಹಾಕಿಸಿದರು. ಹಾಕಿದವಳು ನಾನು.

ಹೆದರಿದ್ದೆ ಎನ್ನಬಹುದು. ಆದರೆ ಯಾರಿಗೆ? ನನ್ನನ್ನು ಯಾರೂ ಮನೆಯಿಂದ ಹೊರಹಾಕುತ್ತಿರಲಿಲ್ಲ.

ಅವ್ವನಿಗೆ ಮಾತ್ರ ನಿನ್ನನ್ನು ನೋಡದೆ ತಡೆಯಲಾಗಲಿಲ್ಲ. ಮರುವರ್ಷ ಯಾರಿಗೂ ಹೇಳದೆ ಬಸ್ಸು ಹತ್ತಿ ಮುನವಳ್ಳಿಗೆ ಹೋದಳು, ನಿಮ್ಮ ಮನೆಯಲ್ಲಿ ಉಂಡು ಬಂದಳು. ಕಾಕಾ ಕೂಗಾಡಿದಾಗ, "ಆಕಿ ಮಾಡಿದ್ದು ಉಂಡ ನನ್ನ ಕೈ ಕೂಡೇತಿ. ನಂದೇನು ಹೋತು, ಹೇಳ್ರಿ," ಎಂದಳು. ನಾನು ಮುಂದೂಡುತ್ತಾ ಬಂದದ್ದನ್ನು ಅವ್ವ ಒಂದು ದಿನದಲ್ಲಿ ಮಾಡಿ ಮುಗಿಸಿದ್ದಳು — ಅವಳಿಂದ ಆಗದು ಎಂದು ನಾನೇ ತೀರ್ಮಾನ ಮಾಡಿದ್ದೆನಲ್ಲ!

ಈಗ ನೀನು ಸವದತ್ತಿಯಲ್ಲಿ ಟೀಚರು. ಅವ್ವ ಕರೆದಾಗ ನಮ್ಮ ಮನೆಗೆ ಬರುತ್ತೀಯ. ಬರಬರುತ್ತಾ ಮೆತ್ತಗಾದ ಕಾಕಾನೂ ನಿನ್ನ ಪಕ್ಕದಲ್ಲೇ ಕುಳಿತು ಉಣ್ಣುತ್ತಾರೆ. ಆದರೆ ಪ್ರತಿ ಸಲ ಅವ್ವ ಯಾರಿಗಾದರೂ ಹೇಳುತ್ತಾಳೆ: "ಸುಳ್ಳ ಹೇಳಿದ್ಲು ಖರೆ. ಸಣ್ಣಾಕಿ ಇದ್ಲು, ನಾ ಮನಸಿನ್ಯಾಗ ಇಟ್ಟಕೊಂಡಿಲ್ಲ." ನೀನು ತಲೆ ತಗ್ಗಿಸುವುದಿಲ್ಲ, ಬಾಯಿಯನ್ನೂ ಬಿಡುವುದಿಲ್ಲ. ನಾನು ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಥೂ.

ನಿನ್ನೆ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಮಾಡದ ತಪ್ಪಿಗೆ ಆಕೀನ ಮಾಫ್ ಮಾಡ್ಕೋಂತ ಕುಂತೇನಲ್ಲ ನಾ," ಎಂದಳು. "ನನ್ನ ಆ ಮಾತ ಎಷ್ಟ ಸಲ ಕೇಳಿಸ್ಕೊಂಡಾಳ ಆ ಹುಡುಗಿ."

ನಾನು ಅಳತೊಡಗಿದೆ. ಅವ್ವ ಸಮಾಧಾನ ಮಾಡಲಿಲ್ಲ.

"ನನ್ನ ಮುಂದ ಅತ್ತು ಏನು ಮಾಡ್ತಿ? ಆಕೀನ ಎಬ್ಬಿಸಿ ಕಳಿಸಿದ್ದು ಎಲ್ಲಾರ ಮುಂದ."

ಭಾನುವಾರ ನೀನು ಬರುತ್ತೀಯ. ಕಾಕಾ ಇರುತ್ತಾರೆ, ಮನೆಯವರೆಲ್ಲ ಇರುತ್ತಾರೆ. ಊಟಕ್ಕೆ ಕೂರುವ ಮೊದಲು ಹೇಳುತ್ತೇನೆ. ಆಮೇಲೆ ನೀನು ನನ್ನೊಡನೆ ಮಾತಾಡಬೇಕೆಂದೇನಿಲ್ಲ.