ಮೇಡಂ ಕೂರುತ್ತಿದ್ದ ಸ್ಟೂಲ್

ನಮ್ಮ ಸಿಟಿ ಸ್ಕ್ಯಾನ್ ಕೋಣೆಗೆ ಹೊಸ ಕುರ್ಚಿಗಳು ಬಂದವು. ಹಳೆಯ ಮರದ ಸ್ಟೂಲನ್ನು ಗುಜರಿಗೆಂದು ಹೊರಗಿಟ್ಟಿದ್ದರು. ನಾನು ಅದನ್ನು ಮತ್ತೆ ಒಳಗೆ ತಂದಿಟ್ಟೆ. ಅದು ನಮ್ಮ ರೇಡಿಯಾಲಜಿಸ್ಟ್ ಮೇಡಂ ಕೂರುತ್ತಿದ್ದ ಸ್ಟೂಲ್...

ಆಗ ನಾನು ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು ಉಡುಪಿಯ ಆಸ್ಪತ್ರೆಯೊಂದಕ್ಕೆ ಟೆಕ್ನಿಷಿಯನ್ ಆಗಿ ಸೇರಿದ ಹೊಸತು. ಹೃದಯದ ಸ್ಕ್ಯಾನ್‌ನಲ್ಲಿ ಒಂದು ಪೇಚಿದೆ. ಬಡಿತ ಜೋರಿದ್ದರೆ ಚಿತ್ರ ಕಲಸಿಹೋಗುತ್ತದೆ. ಹೆಚ್ಚು ಹೊತ್ತು ವಿಕಿರಣ ಬಿಟ್ಟು ಹಲವು ಚಿತ್ರ ತೆಗೆದರೆ ಅದರಲ್ಲೊಂದು ಸ್ಪಷ್ಟವಾಗಿ ಸಿಗುತ್ತದೆ, ಆದರೆ ಆ ವಿಕಿರಣ ಹೋಗುವುದು ರೋಗಿಯ ಮೈಗೆ. ಚಿತ್ರ ಕನ್ನಡಿಯಂತಿರಬೇಕೆಂಬ ಹುಚ್ಚು ನನ್ನದು. ಮೇಡಂ ಮಾತ್ರ ಬಡಿತ ಇಳಿಸುವ ಮಾತ್ರೆ ಕೊಟ್ಟು, ಅದು ಹಿಡಿಯುವವರೆಗೆ ಸ್ಟೂಲ್ ಎಳೆದುಕೊಂಡು ರೋಗಿಯ ಪಕ್ಕದಲ್ಲಿ ತುಳುವಿನಲ್ಲಿ ಪಟ್ಟಾಂಗ ಹೊಡೆಯುತ್ತಿದ್ದರು.

ಕಾಪುವಿನ ಮೀನು ಮಾರುವ ಅಕ್ಕನೊಬ್ಬಳು ಯಂತ್ರ ನೋಡಿಯೇ ಬೆವತುಹೋಗಿದ್ದಳು. ಬಂಗುಡೆ ಮೀನಿನ ಗಸಿಗೆ, ಅಂದರೆ ಗಟ್ಟಿ ಸಾರಿಗೆ, ಹುಣಸೆ ಹುಳಿ ಎಷ್ಟು ಹಾಕಬೇಕು ಎಂದು ಮೇಡಂ ಕೇಳಿದರು. ಮೇಡಂ ಮೀನು ಮುಟ್ಟದ ಮನೆಯವರು. ಅಕ್ಕ ಅಳತೆ ವಿವರಿಸುತ್ತಾ ವಿವರಿಸುತ್ತಾ ನಕ್ಕಳು, ಬಡಿತ ಇಳಿಯಿತು. ಕಡಿಮೆ ವಿಕಿರಣದ ಚಿತ್ರ ಮರಳು ಎರಚಿದಂತೆ ಚುಕ್ಕಿಚುಕ್ಕಿಯಾಗಿ ಬಂತು. ನಾನು ಮುಖ ಸಿಂಡರಿಸಿದೆ.

“ರಕ್ತನಾಳ ಕಾಣ್ತದೆ ಅಲ್ವಾ? ಫ್ರೇಮ್ ಹಾಕಿ ಗೋಡೆಗೆ ತೂಗ್ಲಿಕ್ಕೆ ಉಂಟಾ ಮಾರಾಯ?” ಎಂದರು ಮೇಡಂ.

ಕೆಲವು ವರ್ಷಗಳ ಮೇಲೆ ಅದೇ ಯಂತ್ರದಡಿ ಮೇಡಂ ಮಲಗಿದರು. ಮಣಿಪಾಲದ ಏರಿನಲ್ಲಿ ಎದೆ ಹಿಡಿದಂತಾಗಿತ್ತಂತೆ. ಪರದೆಯಲ್ಲಿ ಅವರ ಬಡಿತ ಓಡುತ್ತಿತ್ತು. ಇವರ ಹೃದಯದಲ್ಲಿ ಏನೂ ಕಣ್ತಪ್ಪಿ ಹೋಗಬಾರದು, ಈ ಸಲವಾದರೂ ವಿಕಿರಣ ಹೆಚ್ಚಿಸುತ್ತೇನೆ ಎಂದೆ.

“ಪ್ರೀತಿ ಉಂಟು ಅಂತ ಸಾರಿಗೆ ಉಪ್ಪು ಜಾಸ್ತಿ ಹಾಕ್ತಾರಾ? ಸ್ಟೂಲ್ ತಾ. ಕೂತ್ಕೋ.”

ಕೂತೆ. ಗಸಿಗೆ ಹುಳಿ ಎಷ್ಟು ಎಂದು ಕೇಳಿದೆ. ಅಕ್ಕ ಹೇಳಿದ್ದ ಅಳತೆಯನ್ನು ಅವರು ಚಾಚೂ ತಪ್ಪದೆ ಒಪ್ಪಿಸಿದರು. ಬಡಿತ ಇಳಿಯಿತು. ಚಿತ್ರ ಮರಳಾಗಿಯೇ ಬಂತು, ಕಿರಿದಾಗಿದ್ದ ನಾಳ ಅದರಲ್ಲೇ ಸಿಕ್ಕಿತು. ಸ್ಟೆಂಟ್ ಹಾಕಿಸಿಕೊಂಡು ಬಂದು ಮತ್ತೆ ಹಲವು ವರ್ಷ ನಮ್ಮನ್ನೆಲ್ಲ ಗದರಿಸಿಕೊಂಡಿದ್ದರು... ಹೋದ ಮಳೆಗಾಲದಲ್ಲಿ ಅಲೆವೂರಿನ ಮನೆಯಲ್ಲಿ ತೀರಿಕೊಂಡರು.

ಈಗಿನ ಯಂತ್ರ ಚುರುಕು, ಮರಳನ್ನೂ ತಾನೇ ಒರೆಸುತ್ತದೆ. ಆದರೂ ಬಡಿತ ಇಳಿಯುವವರೆಗೆ ನಾನು ಕಾಯುತ್ತೇನೆ. ಇವತ್ತು ಕಾರ್ಕಳದಿಂದ ಬಂದ ಮೇಷ್ಟ್ರೊಬ್ಬರು ನಡುಗುತ್ತಿದ್ದರು. ಸ್ಟೂಲ್ ಎಳೆದುಕೊಂಡು ಕೂತು ಗಸಿಯ ವಿಷಯ ತೆಗೆದೆ.

“ಹುಣಸೆ ಎಂತದಕ್ಕೆ? ಬಿಂಬುಳಿ ಕಾಯಿ ಹಾಕಿ ನೋಡಿ,” ಎಂದರು ಅವರು. ಬಡಿತ ನಿಧಾನಕ್ಕೆ ಇಳಿಯತೊಡಗಿತು.

ಈ ಹೊಸ ರುಚಿಯನ್ನು ಮೇಡಂಗೆ ಹೇಳೋಣವೆಂದು, ಅವರು ಚಿತ್ರ ನೋಡುತ್ತಿದ್ದ ಪಕ್ಕದ ಕೋಣೆಯ ಗಾಜಿನ ಕಡೆ ತಿರುಗಿಯೇಬಿಟ್ಟೆ. ಅಲ್ಲಿ ಹೊಸ ಕುರ್ಚಿಗಳಿದ್ದವು.