ಸಿಸ್ಟಮ್ ಅಕ್ಕ ಹಾಕಿದ ಎರಡು ಡಿಸ್ಕುಗಳು

ಮಗಳ ಲ್ಯಾಪ್‌ಟಾಪ್ ತೀರಾ ನಿಧಾನವಾಗಿದೆ ಎಂದು ಕಳೆದ ತಿಂಗಳು ಉಡುಪಿಯ ರಿಪೇರಿ ಅಂಗಡಿಯೊಂದಕ್ಕೆ ಒಯ್ದಿದ್ದೆ. ಅಂಗಡಿಯವರು ಹಿಂಬದಿಯ ಸ್ಕ್ರೂ ಬಿಚ್ಚಿ ಹಳೆಯ ಹಾರ್ಡ್ ಡಿಸ್ಕ್ ತೆಗೆದಿಟ್ಟರು. ಆಮೇಲೆ ಪುಟ್ಟ ಪೊಟ್ಟಣವೊಂದನ್ನು ಹರಿದು, ಅದರ ಬದಲಿಗೆ ಹಾಕುವ, ಅಂಗೈಯಷ್ಟೂ ಇಲ್ಲದ ತೆಳುವಾದ ಕಪ್ಪು ಎಸ್‌ಎಸ್‌ಡಿಯನ್ನು ಗಾಜಿನ ಮೇಜಿನ ಮೇಲಿಟ್ಟರು. "ಇದು ಹಾಕಿದ ಮೇಲೆ ನೋಡಿ ಮೇಡಂ, ಆನ್ ಮಾಡುವುದೇ ತಡ," ಎಂದರು. ನಾನು ಅದನ್ನು ಕೈಗೆತ್ತಿಕೊಂಡೆ. ತೂಕವೇ ಇರಲಿಲ್ಲ. ಇಂಥವೇ ಎರಡನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಹೆಂಗಸು ನೆಲದ ಮೇಲೆ ಕುಳಿತದ್ದನ್ನು ವರ್ಷಗಳ ಹಿಂದೆ ನಾನು ನೋಡಿದ್ದೆ.

ನಾವೆಲ್ಲ ಅವರನ್ನು ಸಿಸ್ಟಮ್ ಅಕ್ಕ ಎನ್ನುತ್ತಿದ್ದೆವು. ಹೆಜಮಾಡಿಯವರು. ಮಣಿಪಾಲದಲ್ಲಿ ಕೆಲವು ವರ್ಷ ಕಂಪ್ಯೂಟರ್ ವಿಭಾಗದಲ್ಲಿ ದುಡಿದು, ಆಮೇಲೆ ಕಾರ್ಕಳದ ಹೊರವಲಯದಲ್ಲಿದ್ದ ನಮ್ಮ ಆಫೀಸಿಗೆ ಬಂದಿದ್ದರು. ಪರದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ಕಳಿಸಿದ ಧ್ವನಿಯನ್ನು ಕೇಳಿ ಟೈಪ್ ಮಾಡುವುದು ನಮ್ಮ ಕೆಲಸ. ಕುಳಿತವರಲ್ಲಿ ಹೆಚ್ಚಿನವರು ಹೆಂಗಸರೇ. ಬೆಳ್ಮಣ್, ಕಾಪು, ಕಾರ್ಕಳದ ಸುತ್ತಮುತ್ತಲಿನವರು. ನನ್ನ ಗಂಡ ಗಲ್ಫ್‌ನಲ್ಲಿ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು, ಬೆನ್ನು ಮುರಿದುಕೊಂಡು ಊರಿಗೆ ಬಂದಿದ್ದ ಸಮಯ ಅದು. ಬೆಳ್ಮಣ್‌ನಿಂದ ಒಂದೇ ಬಸ್ಸಿನಲ್ಲಿ ಹೋಗಿಬರಬಹುದಾದ ಆ ಕೆಲಸ ಬಿಟ್ಟರೆ ನನಗೆ ಬೇರೆ ದಾರಿ ಇರಲಿಲ್ಲ.

ನಮ್ಮ ಮೇಜಿನ ಮೇಲೆ ಕಂಪ್ಯೂಟರ್ ಎಂಬುದೇ ಇರಲಿಲ್ಲ. ಒಂದು ಪರದೆ, ಒಂದು ಕೀಬೋರ್ಡ್, ಹಿಂದೆ ಸಣ್ಣದೊಂದು ಡಬ್ಬಿ, ಅಷ್ಟೇ. ರೋಗಿಗಳ ವಿವರ ಯಾರ ಮೇಜಿನಲ್ಲೂ ಉಳಿಯಬಾರದು ಎಂಬುದು ಕೆಲಸ ಕೊಟ್ಟವರ ಷರತ್ತು. ಹಾಗಾಗಿ ನಮ್ಮೆಲ್ಲರ ಕಂಪ್ಯೂಟರುಗಳೂ ಒಳಕೋಣೆಯ ಒಂದು ಸರ್ವರ್‌ನ ಹೊಟ್ಟೆಯಲ್ಲಿದ್ದವು. ಅಲ್ಲಿ ನಡೆಯುವುದರ ಚಿತ್ರ ಮಾತ್ರ ನಮ್ಮ ಪರದೆಗೆ ಬರುತ್ತಿತ್ತು. ಆ ಒಳಕೋಣೆಗೆ ಸಿಸ್ಟಮ್ ಅಕ್ಕನೊಬ್ಬರೇ ದಿಕ್ಕು.

ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗುತ್ತಿದ್ದೆವು. ಅಲ್ಲಿಂದ ಶುರು ನಮ್ಮ ಗೋಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಚಹಾ ಕುಡಿದು ಬಂದರೂ ತಿರುಗುತ್ತಿತ್ತು. ಕಡೆಗೆ ಡೆಸ್ಕ್‌ಟಾಪ್ ತೆರೆದುಕೊಂಡರೆ, ಒತ್ತಿದ ಅಕ್ಷರ ಕಾಣಿಸಲು ಕಾಯಬೇಕು. ಕಾಣಿಸಲಿಲ್ಲವೆಂದು ಮತ್ತೆ ಒತ್ತಿದರೆ ಎರಡೂ ಒಟ್ಟಿಗೆ ಬಂದು ಬೀಳುತ್ತಿದ್ದವು. ಟೈಪ್ ಮಾಡಿದ ಸಾಲಿನ ಮೇಲೆ ನಮ್ಮ ಸಂಬಳ. ಹೊತ್ತಿಗೆ ಸರಿಯಾಗಿ ಕಳಿಸದಿದ್ದರೆ ಅತ್ತಲಿಂದ ಬೈಗುಳ. ನಾವು ಆ ಸಿಟ್ಟನ್ನೆಲ್ಲ ಸಿಸ್ಟಮ್ ಅಕ್ಕನ ಮೇಲೆ ಕಾರುತ್ತಿದ್ದೆವು.

ನಾವು ಸರ್ ಎನ್ನುತ್ತಿದ್ದ ಮಾಲಕರು ಇಂಟರ್ನೆಟ್ ಲೈನ್ ಬದಲಿಸಿದರು. ಏನೂ ಆಗಲಿಲ್ಲ. ಕೀಬೋರ್ಡ್ ಬದಲಿಸಿದರು. ಅದರಿಂದಲೂ ಏನಾಗಲಿಕ್ಕುಂಟು? ಒಂದು ದಿನ ಊಟದ ಹೊತ್ತಿಗೆ ನಾನೇ ಕೇಳಿದೆ, "ಅಕ್ಕ, ನಿಜವಾಗಿ ಎಂತ ಆಗಿದೆ ಇದಕ್ಕೆ?"

ಅವರು ಬುತ್ತಿಯ ಮುಚ್ಚಳ ಮುಚ್ಚಿ ಹೇಳಿದರು: "ಒಂದೇ ಬಾಗಿಲಿನ ಬಸ್ಸು ಅಂತ ತಿಳ್ಕೊ ಮಾರಾಯ್ತಿ. ಬೆಳಿಗ್ಗೆ ಎಲ್ಲರಿಗೂ ಅದರಲ್ಲೇ ಹೋಗ್ಬೇಕು. ಒಳಗೆ ಜಾಗ ಉಂಟು, ಡ್ರೈವರ್ ಒಳ್ಳೆಯವ, ರಸ್ತೆಯೂ ಸರಿ ಉಂಟು. ಆದರೆ ಹತ್ತುವುದು ಹೇಗೆ? ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್. ಅದರ ಮುಳ್ಳು ಒಬ್ಬಳದ್ದು ಓದಿ ಮುಗಿಸಿ ಇನ್ನೊಬ್ಬಳದ್ದಕ್ಕೆ ಓಡ್ಬೇಕು. ಫ್ಲ್ಯಾಶ್ ಅಂತ ಉಂಟು, ಎಸ್‌ಎಸ್‌ಡಿ, ಅದರಲ್ಲಿ ತಿರುಗುವಂಥದ್ದೇ ಇಲ್ಲ; ಅದು ಹಾಕಿದರೆ ಆ ಓಟವೇ ಇಲ್ಲ. ಸರ್ ಹತ್ರ ಹೇಳಿ ಹೇಳಿ ಬಾಯಿ ಒಣಗಿತು."

ಸರ್ ಕೆಟ್ಟವರಲ್ಲ. ಆದರೆ ಕೆಟ್ಟುಹೋಗದ ವಸ್ತುವನ್ನು ಬದಲಿಸುವುದು ಅವರಿಗೆ ಅರ್ಥವಾಗುತ್ತಿರಲಿಲ್ಲ. "ಡಿಸ್ಕ್ ನಡೀತಾ ಉಂಟಲ್ಲ ಮೇಡಂ? ಮತ್ತೆ ಎಂತಕ್ಕೆ ತೆಗೆಯುವುದು?" ಎಂದು ನಮ್ಮೆದುರೇ ಕೇಳಿದ್ದರು.

ಕೊನೆಗೆ ಒಂದು ದಿನ ಸರ್ ನಮ್ಮನ್ನೆಲ್ಲ ಕರೆದು, ಇನ್ನು ಹೀಗೇ ತಡವಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ, ಆಫೀಸು ಮುಚ್ಚಬೇಕಾಗುತ್ತದೆ ಎಂದರು. ಅವರ ಸ್ವರ ಒಡೆದಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಕಾಪುವಿನ ಹುಡುಗಿ ಅಲ್ಲೇ ಅಳಲು ತೊಡಗಿದಳು. ಅವಳ ನರ್ಸಿಂಗ್ ಕಲಿಕೆ ಈ ಸಂಬಳದಿಂದ ನಡೆಯುತ್ತಿತ್ತು. ಸಿಸ್ಟಮ್ ಅಕ್ಕ ಗೋಡೆಗೆ ಒರಗಿ ನಿಂತು ನಮ್ಮ ಮುಖಗಳನ್ನು ನೋಡಿದರು. ಒಬ್ಬೊಬ್ಬರದ್ದಾಗಿ, ನಿಧಾನಕ್ಕೆ...

ಸರ್ವರ್‌ಗೆಂದೇ ಮಾಡಿದ ಗಟ್ಟಿ ಫ್ಲ್ಯಾಶ್ ತರಿಸುವ ಶಕ್ತಿ ತಮಗಿಲ್ಲ ಎಂದರಂತೆ ಸರ್. ಮರುದಿನ ಅಕ್ಕ ಉಡುಪಿಗೆ ಹೋಗಿ, ಮನೆಯ ಲ್ಯಾಪ್‌ಟಾಪಿಗೆ ಹಾಕುವಂಥ ಸಾಧಾರಣ ಎಸ್‌ಎಸ್‌ಡಿ ಎರಡು ತಂದರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುವ ಹಾಗೆ ಜೋಡಿ ಮಾಡಿದರು. ಒಂದು ಹೋದರೂ ಇನ್ನೊಂದು ಉಳಿಯಲಿ ಎಂದು. ನಮ್ಮೆಲ್ಲರ ಡೆಸ್ಕ್‌ಟಾಪುಗಳನ್ನು ರಜೆಯ ದಿನ ಕೂತು ಅದಕ್ಕೆ ಏರಿಸಿದರು.

ಸೋಮವಾರ ಬೆಳಿಗ್ಗೆ ನಾನು ಪಾಸ್‌ವರ್ಡ್ ಒತ್ತಿ, ರೂಢಿಯಂತೆ ಚಹಾಕ್ಕೆ ಎದ್ದೆ. ಎದ್ದವಳು ಹಾಗೇ ನಿಂತೆ. ಡೆಸ್ಕ್‌ಟಾಪ್ ಬಂದು ಕೂತಿತ್ತು! ಹಿಂದಿನಿಂದ ಯಾರೋ ಕಿರುಚಿದರು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಅಕ್ಷರಗಳು ಬೆರಳಿನ ಜೊತೆಜೊತೆಗೇ ಓಡುತ್ತಿದ್ದವು. ನಾವು ಅಕ್ಕನನ್ನು ಒಳಕೋಣೆಯಿಂದ ಎಳೆದುಕೊಂಡು ಬಂದೆವು. ಅವರು ನಗಲಿಲ್ಲ.

"ಎಂತ ಅಕ್ಕ, ಖುಷಿ ಇಲ್ವಾ?" ಎಂದೆ.

"ಓದುವುದಕ್ಕೆ ಇದು ಹೆದರುವುದಿಲ್ಲ," ಎಂದರು ಸಣ್ಣ ಸ್ವರದಲ್ಲಿ. "ಬರೆದಷ್ಟೂ ಸವೀತದೆ. ಒಬ್ಬಳ ಲ್ಯಾಪ್‌ಟಾಪಿಗೆ ಹಾಕುವುದನ್ನು ಇಷ್ಟು ಜನರ ತಲೆ ಮೇಲೆ ಹಾಕಿದ್ದೇನೆ. ಎಷ್ಟು ಸಮಯ ಬಾಳಿಕೆ ಬರ್ತದೋ ದೇವರಿಗೇ ಗೊತ್ತು. ಒಳ್ಳೆಯದು ಬರುವ ತನಕ ಇದು ನಿಂತರೆ ಸಾಕು."

ಆ ತಿಂಗಳುಗಳಲ್ಲಿ ನಾನು ಮನೆಗೆ ತಂದ ಸಂಬಳದಿಂದ ಗಂಡನನ್ನು ಮಣಿಪಾಲಕ್ಕೆ ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ಯಲು ಸಾಧ್ಯವಾಯಿತು. ಹಾಸಿಗೆಯಲ್ಲೇ ಇದ್ದವರು ಗೋಡೆ ಹಿಡಿದು ನಿಂತರು. ಕಾಪುವಿನ ಹುಡುಗಿ ಪರೀಕ್ಷೆಗೆ ಕಟ್ಟಿದಳು. ಕೆಲಸ ಕೊಟ್ಟವರು ಸಂತೋಷಪಟ್ಟು ಇನ್ನಷ್ಟು ಕೆಲಸ ಕೊಟ್ಟರು. ಸರ್ ಒಳ್ಳೆಯ ಡಿಸ್ಕ್ ತರಿಸುವ ಬದಲು ಇನ್ನಷ್ಟು ಜನರನ್ನು ತಂದು ಕೂರಿಸಿದರು. ಅಕ್ಕ ಕೇಳಿದಾಗಲೆಲ್ಲ "ನೋಡುವ, ನೋಡುವ" ಎನ್ನುತ್ತಿದ್ದರು.

ಎಲ್ಲ ಸರಿಹೋಯಿತೆಂದು ನಾವು ನಗುನಗುತ್ತಾ ಇದ್ದಾಗ ಅಕ್ಕ ಒಳಗೊಳಗೇ ಬತ್ತುತ್ತಾ ಹೋದರು. ಡಿಸ್ಕಿನ ಆಯುಸ್ಸು ಎಷ್ಟು ಉಳಿದಿದೆ ಎಂದು ತೋರಿಸುವ ಅಂಕಿಯೊಂದು ಅವರ ಪರದೆಯಲ್ಲಿ ಇತ್ತು. ತೀವ್ರ ನಿಗಾ ಘಟಕದ ಹೊರಗೆ ಕೂತವರ ಹಾಗೆ ಅವರು ಅದನ್ನೇ ನೋಡುತ್ತಿದ್ದರು. ಬರೆಯುವುದನ್ನು ಕಡಿಮೆ ಮಾಡಲು ಏನೇನೋ ಮಾಡಿದರು. ಬೇಡದ್ದನ್ನೆಲ್ಲ ನಿಲ್ಲಿಸಿದರು. ಒಟ್ಟಿಗೆ ಲಾಗಿನ್ ಆಗಬೇಡಿ, ಸಾಲು ಸಾಲಾಗಿ ಆಗಿ ಎಂದು ಅಂಗಲಾಚಿದರು. ಸಂಜೆ ಹೊರಡುವ ಮೊದಲು ಎಲ್ಲವನ್ನೂ ಹಳೆಯ ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟೇ ಬಸ್ಸು ಹತ್ತುತ್ತಿದ್ದರು. ಒಮ್ಮೆ ಸರ್ ಅವರ ಕೋಣೆಯ ಬಾಗಿಲಲ್ಲಿ ನಿಂತು ಅಕ್ಕ ಕೈಮುಗಿದದ್ದನ್ನು ನಾನು ಕಂಡೆ. "ಒಂದು ಸಲ ನನ್ನ ಮಾತು ಕೇಳಿ ಸರ್. ಹೋದರೆ ಎರಡೂ ಒಟ್ಟಿಗೇ ಹೋಗ್ತವೆ. ಎರಡೂ ಒಂದೇ ದಿನ ಕೆಲಸ ಶುರು ಮಾಡಿದ್ದು, ಎರಡೂ ಒಂದೇ ನಮೂನೆ ಸವೆದಿದ್ದಾವೆ." ಸರ್ ಫೋನಿನಲ್ಲಿದ್ದರು. ಕೈಸನ್ನೆ ಮಾಡಿ ಆಮೇಲೆ ಬನ್ನಿ ಎಂದರು.

ಅದಾಗಿ ಸ್ವಲ್ಪ ದಿನಕ್ಕೇ, ಒಂದು ಮಧ್ಯಾಹ್ನ ನಮ್ಮೆಲ್ಲರ ಪರದೆಗಳೂ ಒಟ್ಟಿಗೆ ನಿಂತವು. ಮೊದಲು ಒಂದು ಡಿಸ್ಕ್ ಹೋಗಿತ್ತು. ಅಕ್ಕ ಅದನ್ನು ಬಿಚ್ಚುವಷ್ಟರಲ್ಲಿ ಇನ್ನೊಂದೂ ಸರ್ವರ್‌ಗೆ ಕಾಣಿಸದಾಯಿತು. ಬೆಳಗಿನಿಂದ ನಾವು ಟೈಪ್ ಮಾಡಿದ್ದೆಲ್ಲ ಅದರ ಜೊತೆಗೇ ಹೋಯಿತು. ಒಳಗೆ ಹೋಗಿ ನೋಡಿದರೆ ಅಕ್ಕ ನೆಲದ ಮೇಲೆ ಕುಳಿತಿದ್ದರು. ಎರಡೂ ಡಿಸ್ಕುಗಳು ಮಡಿಲಲ್ಲಿ. ಒಂದನ್ನು ತೆಗೆದು ಸಿಕ್ಕಿಸುವುದು, ಪರದೆ ನೋಡುವುದು, ತೆಗೆಯುವುದು, ಸೆರಗಿನಲ್ಲಿ ಒರೆಸುವುದು, ಮತ್ತೆ ಸಿಕ್ಕಿಸುವುದು...

"ಬಿಡಿ ಅಕ್ಕ," ಎಂದು ಭುಜ ಹಿಡಿದೆ.

"ಒಂದು ಸಲ ಕಂಡರೆ ಸಾಕಿತ್ತು. ಒಂದೇ ಒಂದು ಸಲ," ಎಂದರು. ನನ್ನ ಹತ್ತಿರ ಅಲ್ಲ.

ಹಿಂದಿನ ಸಂಜೆಯ ನಕಲು ಇತ್ತು. ಅದನ್ನು ಹಳೆಯ ಹಾರ್ಡ್ ಡಿಸ್ಕಿನಿಂದಲೇ ನಡೆಸಲು ಅಕ್ಕ ಒದ್ದಾಡಿದರು. ಆದರೆ ಈಗ ಜನ ಹೆಚ್ಚು. ಬೆಳಿಗ್ಗೆ ಲಾಗಿನ್ ಆದವರಿಗೆ ಊಟದ ಹೊತ್ತಿಗೂ ಡೆಸ್ಕ್‌ಟಾಪ್ ತೆರೆಯುತ್ತಿರಲಿಲ್ಲ. ಕೆಲಸ ಕೊಟ್ಟವರು ಕಾಯಲಿಲ್ಲ. ಆಫೀಸು ಮುಚ್ಚುವ ದಿನ ಸರ್ ಎಲ್ಲರೆದುರು, "ಇವರು ತಂದು ಹಾಕಿದ ಸಾಮಾನಿನಿಂದಲೇ ಹೀಗಾದದ್ದು," ಎಂದರು. ನಾನು ಬಾಯಿ ಬಿಟ್ಟೇ ಬಿಟ್ಟೆ: "ಸರ್, ಅವರು ನಿಮ್ಮ ಹತ್ರ ಎಷ್ಟು ಸಲ ಕೇಳಿದ್ದಾರೆ!" ಅಕ್ಕನೇ ನನ್ನನ್ನು ತಡೆದರು. "ಇಲ್ಲ, ಬಿಡು. ನಾನು ಗೊತ್ತಿದ್ದೇ ಹಾಕಿದ್ದು," ಎಂದರು. ಹಿಂದಿನ ಸಾಲಿನಿಂದ ವಯಸ್ಸಾದ ಟೈಪಿಸ್ಟೊಬ್ಬರು, "ನಮ್ಮ ಅನ್ನ ಹೋಯ್ತಲ್ಲ, ಅಕ್ಕ," ಎಂದರು. ಅವರು ಬೈದದ್ದಲ್ಲ, ದುಃಖಕ್ಕೆ ಹೇಳಿದ್ದು. ಆದರೆ ಸಿಸ್ಟಮ್ ಅಕ್ಕನ ಮುಖ ಆ ಕ್ಷಣದಲ್ಲಿ ಹೇಗಾಯಿತು ಎಂದರೆ... ನನಗೆ ಬರೆಯಲು ಬರುವುದಿಲ್ಲ.

ಕೆಲವು ವಾರ ಕಳೆದು ನಾನು ಹೆಜಮಾಡಿಗೆ ಹೋಗಿದ್ದೆ. ಬಾಗಿಲಿಗೆ ಬಂದವರು ಅವರೇ. ನನ್ನನ್ನು ನೋಡಿ, "ಯಾರು? ಗುರುತಾಗ್ಲಿಲ್ಲ," ಎಂದರು. "ಅಕ್ಕ, ನಾನು" ಎನ್ನುವಷ್ಟರಲ್ಲಿ ಬಾಗಿಲು ಹಾಕಿಕೊಂಡಿತು. ಫೋನ್ ಎತ್ತಲಿಲ್ಲ. ಆಮೇಲೆ ಆ ನಂಬರೇ ಇಲ್ಲವಾಯಿತು. ನನಗೂ ಉಡುಪಿಯ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಕೆಲಸ ಸಿಕ್ಕಿ ವರ್ಷಗಳು ಹೋದವು.

ರಿಪೇರಿ ಅಂಗಡಿಯಿಂದ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಭಾನುವಾರ ಹೆಜಮಾಡಿಗೆ ಹೊರಟೆ. ಅದೇ ಮನೆ. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸು ಅವರ ತಂಗಿ ಎಂದು ಮುಖ ನೋಡಿಯೇ ತಿಳಿಯಿತು. ನಾನು ಯಾರೆಂದು ಹೇಳಿದೆ. ಆಕೆ ಕೈ ತೊಳೆದು ಬಂದು ಜಗಲಿಯಲ್ಲಿ ಕೂತರು.

"ಅಕ್ಕ ತೀರಿಹೋಗಿ ವರ್ಷ ಆಯ್ತು," ಎಂದರು. "ಕಿಡ್ನಿ. ಆ ಆಫೀಸು ಬಿಟ್ಟ ಮೇಲೆ ಮೀನಿಗೆ ಹಾಕುವ ಐಸ್ ಮಾಡುವ ಪ್ಲಾಂಟಿಗೆ ಕೆಲಸಕ್ಕೆ ಹೋಗ್ತಿದ್ಳು. ಕಂಪ್ಯೂಟರ್ ಮುಟ್ಟಲೇ ಇಲ್ಲ. ಮಣಿಪಾಲದಿಂದ ಕರೆದರು, ಹೋಗಲಿಲ್ಲ. ಆಸ್ಪತ್ರೆಯಲ್ಲಿ ಇರುವಾಗಲೂ ಅದನ್ನೇ ಹೇಳ್ತಿದ್ದಳು. ಅಷ್ಟು ಮನೆಗಳ ಅನ್ನ ತೆಗೆದೆ ಅಂತ."

ಹೇಳಿದೆ, ಎಲ್ಲ ಹೇಳಿದೆ. ಆ ಡಿಸ್ಕು ಹಾಕದಿದ್ದರೆ ಆಫೀಸು ಅದೇ ತಿಂಗಳು ಮುಚ್ಚುತ್ತಿತ್ತು ಎಂದು. ಆ ದಿನಗಳ ಸಂಬಳದಿಂದಲೇ ನನ್ನ ಗಂಡ ಎದ್ದು ನಿಂತದ್ದು, ಈಗ ಊರುಗೋಲಿಲ್ಲದೆ ಬೆಳ್ಮಣ್ ಪೇಟೆಗೆ ಹೋಗಿಬರುತ್ತಾರೆ ಎಂದು. ಕಾಪುವಿನ ಹುಡುಗಿ ಇವತ್ತು ನರ್ಸ್ ಆಗಿದ್ದಾಳೆ, ನಮ್ಮ ಅನ್ನ ತೆಗೆದದ್ದಲ್ಲ, ಅವರು ಕೊಟ್ಟದ್ದು ಎಂದು.

ತಂಗಿ ಕೊನೆಯವರೆಗೂ ಕೇಳಿದರು. ಆಮೇಲೆ ಎದ್ದು, ಒಣಹಾಕಿದ ಮೀನಿನ ಮೇಲೆ ಕೂತ ಕಾಗೆಯನ್ನು ಓಡಿಸಿ ಬಂದರು.

"ನೀವು ಹೇಳುವುದೆಲ್ಲ ಸರಿ," ಎಂದರು. "ಆದರೆ ನನಗೆ ಹೇಳಿ ಈಗ ಎಂತ ಪ್ರಯೋಜನ ಉಂಟು?"